ಬೊಗಸೆಯ ನಾದ, ಪೆಟ್ಟಿಗೆಯ ಪ್ರತಿಧ್ವನಿ

1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರವನ್ನು ನೋಡಿದವರಿಗೆ ಮೌತ್ ಆರ್ಗನ್ ಎಂದೊಡನೆ ನೆನಪಾಗುವುದು, ದೀಪಗಳನ್ನು ಆರಿಸುತ್ತಿರುವ ರಾಧೆಯನ್ನು ದೂರದಿಂದ ನೋಡುತ್ತ ಜೈ ನುಡಿಸುವ ಮೆಲುದನಿಯ ರಾಗ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ಆ ಚಿತ್ರದಲ್ಲಿ ವಾದ್ಯವನ್ನು ತುಟಿಗಿಟ್ಟವರು ಅಮಿತಾಭ್ ಬಚ್ಚನ್. ನಿಜವಾಗಿ ನುಡಿಸಿದವರು ರಾಹುಲ್ ದೇವ್ ಬರ್ಮನ್ ಅವರ ವಾದ್ಯವೃಂದದಲ್ಲಿದ್ದ ಭಾನು ಗುಪ್ತಾ. ಮೌತ್ ಆರ್ಗನ್ ಎಂದರೆ ಒಂಟಿತನದ, ಮೌನದ ವಾದ್ಯ ಎಂಬ ಭಾವನೆ ನಮ್ಮಲ್ಲಿ ಬೇರೂರಲು ಇಂಥ ಸನ್ನಿವೇಶಗಳೂ ಕಾರಣ.

ಆದರೆ ಅಂಗೈಯಗಲದ ಇದೇ ವಾದ್ಯ 1950ರ ದಶಕದ ಷಿಕಾಗೊ ನಗರದಲ್ಲಿ ಸ್ಯಾಕ್ಸೊಫೋನಿನಂತೆ ಗರ್ಜಿಸಿತು. ಡ್ರಮ್ಮು, ಎಲೆಕ್ಟ್ರಿಕ್ ಗಿಟಾರುಗಳ ಅಬ್ಬರವನ್ನು ಮೀರಿ, ಇಡೀ ತಂಡದ ಮುಂದಾಳಾಯಿತು. ಅದಕ್ಕೆ ಆ ಬಲ ಬಂದದ್ದು ಉಸಿರಿನಿಂದ ಮಾತ್ರವಲ್ಲ. ಅಗ್ಗದ ಮೈಕು, ವಾಲ್ವ್ ಆಂಪ್ಲಿಫೈಯರು ಮತ್ತು ಪ್ರತಿಧ್ವನಿ ಇವು ಮೂರೂ ಉಸಿರಿನ ಜೊತೆ ಸೇರಿದ್ದರಿಂದ. ಇಂದು ಬ್ಲೂಸ್ ನುಡಿಸುವವರ ಕಾಲಬುಡದಲ್ಲಿ ಕಾಣುವ ‘ಡಿಲೇ’ ಎಂಬ ಪುಟ್ಟ ಪೆಟ್ಟಿಗೆಯ ಮೂಲವೂ ಅಲ್ಲಿಯೇ ಇದೆ.

ದಕ್ಷಿಣದಿಂದ ಉತ್ತರಕ್ಕೆ

ಹಾರ್ಮೋನಿಯಂನಂತೆ ಮೌತ್ ಆರ್ಗನ್ ಕೂಡ ರೀಡುಗಳ ವಾದ್ಯ. ಜರ್ಮನಿಯ ಟ್ರೊಸಿಂಗೆನ್ ಪಟ್ಟಣದ ಗಡಿಯಾರ ಕುಶಲಿ ಮತಿಯಾಸ್ ಹೋನರ್ 1857ರಲ್ಲಿ ಇದರ ತಯಾರಿಕೆ ಆರಂಭಿಸಿದರು. ಅವರ ಸಂಸ್ಥೆ 1896ರಲ್ಲಿ ಹೊರತಂದ ‘ಮರೀನ್ ಬ್ಯಾಂಡ್’ ಮಾದರಿಯಲ್ಲಿ ಹತ್ತು ರಂಧ್ರಗಳು, ಇಪ್ಪತ್ತು ರೀಡುಗಳು. ಊದಿದರೆ ಒಂದು ಸ್ವರ, ಎಳೆದುಕೊಂಡರೆ ಇನ್ನೊಂದು. ಜರ್ಮನಿಯ ಜನಪದ ಗೀತೆಗಳಿಗೆಂದು ಶ್ರುತಿಮಾಡಿದ್ದ ಈ ಅಗ್ಗದ ವಾದ್ಯ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪುಜನರ ಕೈಸೇರಿದಾಗ ಬೇರೆಯದೇ ಭಾಷೆ ಕಲಿಯಿತು. ಅವರು ಊದುವುದಕ್ಕಿಂತ ಎಳೆಯುವುದಕ್ಕೆ ಪ್ರಾಧಾನ್ಯ ಕೊಟ್ಟರು. ಉಸಿರನ್ನು ಎಳೆದುಕೊಳ್ಳುವಾಗ ನಾಲಿಗೆ, ಗಂಟಲುಗಳ ಸ್ಥಾನ ಬದಲಿಸಿದರೆ ಸ್ವರ ಕೆಳಕ್ಕೆ ಜಾರುತ್ತದೆ. ಕರ್ನಾಟಕ ಸಂಗೀತದ ‘ಜಾರು’ವನ್ನು ನೆನಪಿಸುವ ಈ ಜಾರಿಕೆಯೇ ಬ್ಲೂಸ್ ಮೌತ್ ಆರ್ಗನ್ನಿನ ಜೀವಾಳ.

1910 ಮತ್ತು 1970ರ ನಡುವೆ ಸುಮಾರು 60 ಲಕ್ಷ ಕಪ್ಪುಜನ ಹತ್ತಿಯ ಹೊಲಗಳನ್ನೂ ವರ್ಣಭೇದದ ಕಟ್ಟಳೆಗಳನ್ನೂ ಬಿಟ್ಟು ದಕ್ಷಿಣದಿಂದ ಹೊರಟರು. ಅವರಲ್ಲಿ ದೊಡ್ಡ ಸಂಖ್ಯೆಯ ಜನ ಉತ್ತರದ ಕೈಗಾರಿಕಾ ನಗರಗಳಲ್ಲಿ ನೆಲೆಸಿದರು. ಮಿಸಿಸಿಪ್ಪಿಯ ತೋಟವೊಂದರಲ್ಲಿ ದುಡಿಯುತ್ತಿದ್ದ ಗಾಯಕ ಮಡ್ಡಿ ವಾಟರ್ಸ್ 1943ರಲ್ಲಿ ಷಿಕಾಗೊಗೆ ಬಂದರು. ಮರದ ಗಿಟಾರಿನ ನಾದ ಅಲ್ಲಿನ ಗದ್ದಲದ ಪಾನಗೃಹಗಳಲ್ಲಿ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಆದ್ದರಿಂದ ಅವರು ಎಲೆಕ್ಟ್ರಿಕ್ ಗಿಟಾರಿಗೆ ತಿರುಗಿಕೊಂಡರು. ಪಕ್ಕದಲ್ಲಿ ಮೌತ್ ಆರ್ಗನ್ ನುಡಿಸುವವರಿಗೂ ಅದೇ ಸಮಸ್ಯೆ. ಕೇಳಿಸದ ವಾದ್ಯಕ್ಕೆ ಕೂಲಿ ಕೊಡುವವರು ಯಾರು?

ಬೊಗಸೆಯೊಳಗಿನ ಮೈಕು

ಲೂಯಿಸಿಯಾನಾದ ಮಾರ್ಕ್ಸ್‌ವಿಲ್‌ನಲ್ಲಿ 1930ರ ಮೇ 1ರಂದು ಹುಟ್ಟಿದ ಮೇರಿಯನ್ ವಾಲ್ಟರ್ ಜೇಕಬ್ಸ್, ಹದಿಹರೆಯದಲ್ಲೇ ಷಿಕಾಗೊ ಸೇರಿ ಮ್ಯಾಕ್ಸ್‌ವೆಲ್ ಬೀದಿಯ ಸಂತೆಯಲ್ಲಿ ನುಡಿಸತೊಡಗಿದರು. ಜನ ಅವರನ್ನು ‘ಲಿಟ್ಲ್ ವಾಲ್ಟರ್’ ಎಂದು ಕರೆದರು. ಮೈಕಿನ ಮುಂದೆ ನಿಂತು ನುಡಿಸುವ ಬದಲು, ಮೈಕನ್ನೇ ವಾದ್ಯದ ಜೊತೆ ಎರಡೂ ಕೈಗಳ ಬೊಗಸೆಯಲ್ಲಿ ಮುಚ್ಚಿಕೊಂಡು ನುಡಿಸುವ ಕ್ರಮವನ್ನು ಅವರು ಒಂದು ಕಲೆಯಾಗಿಯೇ ಬೆಳೆಸಿದರು. ಹಾಗೆ ಮಾಡಿದವರಲ್ಲಿ ಅವರೇ ಮೊದಲಿಗರೇನಲ್ಲ. ಆದರೆ ಇತರರು ಮೈಕನ್ನು ದನಿ ಹೆಚ್ಚಿಸುವ ಸಾಧನವೆಂದು ನೋಡಿದರೆ, ವಾಲ್ಟರ್ ಅದನ್ನು ವಾದ್ಯದ ಒಂದು ಅಂಗವೆಂದೇ ಬಗೆದರು.

ಆ ಮೈಕುಗಳು ಸಂಗೀತಕ್ಕೆಂದು ತಯಾರಾದವಲ್ಲ. ಕ್ರಿಸ್ಟಲ್ ತುಣುಕೊಂದನ್ನು ಒಳಗೊಂಡ ಅಸ್ಟಾಟಿಕ್ ಸಂಸ್ಥೆಯ ‘ಜೆಟಿ-30’, 1949ರಲ್ಲಿ ಬಂದ ಶ್ಯೂರ್ ಸಂಸ್ಥೆಯ ಹಸಿರು ‘ಬುಲೆಟ್’ ಮುಂತಾದವು ಮಾತನ್ನು ಸ್ಪಷ್ಟವಾಗಿ ದಾಟಿಸಲು, ಪ್ರಕಟಣೆಗಳಿಗೆ, ವೈರ್‌ಲೆಸ್ ಸಂದೇಶಗಳಿಗೆ ಬಳಕೆಯಾಗುತ್ತಿದ್ದವು. ಇವನ್ನು ಬೊಗಸೆಯಲ್ಲಿ ಬಿಗಿಯಾಗಿ ಮುಚ್ಚಿದಾಗ ಒಳಗೆ ಒಂದು ಪುಟ್ಟ ಗೂಡು ಏರ್ಪಡುತ್ತದೆ. ತಾರ ಸ್ವರಗಳ ಕರ್ಕಶತೆ ಅಡಗುತ್ತದೆ, ಮಂದ್ರ ತುಂಬಿಕೊಳ್ಳುತ್ತದೆ. ಇಷ್ಟು ಪ್ರಬಲವಾದ ಸಂಕೇತವನ್ನು ಚಿಕ್ಕ ವಾಲ್ವ್ ಆಂಪ್ಲಿಫೈಯರು ತಾಳಲಾರದೆ ದನಿಯ ಅಲೆಗಳ ನೆತ್ತಿಯನ್ನು ಕತ್ತರಿಸುತ್ತದೆ. ಹೀಗೆ ಹುಟ್ಟುವ ಒರಟುತನವನ್ನು ಎಂಜಿನಿಯರುಗಳು ದೋಷವೆಂದರು; ವಾದಕರು ಅದನ್ನೇ ಬಯಸಿದರು.

ಇದರಲ್ಲಿ ಒಂದು ನಷ್ಟವೂ ಇತ್ತು. ಸಾಮಾನ್ಯವಾಗಿ ಯಾವ ವಾದ್ಯದ ದನಿಯನ್ನೂ ನಾವು ಬರಿದಾಗಿ ಕೇಳುವುದಿಲ್ಲ. ಅದು ಗೋಡೆ, ಮಾಡು, ನೆಲಗಳಿಗೆ ತಾಗಿ ಹಿಂತಿರುಗಿದ ದನಿಯೂ ಜೊತೆಗೆ ಸೇರಿರುತ್ತದೆ. ದೂರದಲ್ಲಿಟ್ಟ ಮೈಕು ವಾದ್ಯದ ಜೊತೆ ಕೋಣೆಯನ್ನೂ ಕೇಳಿಸಿಕೊಳ್ಳುತ್ತದೆ. ಬೊಗಸೆಯೊಳಗೆ ಮುಚ್ಚಿದ ಮೈಕಿಗೆ ಕೋಣೆಯ ಸುಳಿವೇ ಇಲ್ಲ. ನಾದ ದಪ್ಪವಾಗಿರುತ್ತದೆ, ಬಲವಾಗಿರುತ್ತದೆ, ಆದರೆ ಒಣಗಿರುತ್ತದೆ. ಕೈಗಳು ಹೊರಗಿಟ್ಟ ಕೋಣೆಯನ್ನು ಮತ್ತೆ ಒಳಗೆ ಕರೆತರುವುದೇ ಪ್ರತಿಧ್ವನಿಯ ಕೆಲಸ.

ಸ್ನಾನದ ಮನೆಯಿಂದ ಟೇಪಿಗೆ

ಷಿಕಾಗೊದಲ್ಲಿ ಆ ವಿದ್ಯೆ ಆಗಲೇ ಸಿದ್ಧವಾಗಿತ್ತು. ಬಿಲ್ ಪುಟ್ನಮ್ ಎಂಬ ಎಂಜಿನಿಯರು ತಮ್ಮ ಯೂನಿವರ್ಸಲ್ ರೆಕಾರ್ಡಿಂಗ್ ಸ್ಟುಡಿಯೊದಲ್ಲಿ 1947ರಲ್ಲಿ ‘ಪೆಗ್ ಓ ಮೈ ಹಾರ್ಟ್’ ಎಂಬ ಗೀತೆಯನ್ನು ಮುದ್ರಿಸಿಕೊಂಡರು. ನುಡಿಸಿದವರು ‘ಹಾರ್ಮೋನಿಕ್ಯಾಟ್ಸ್’ ಎಂಬ ಮೌತ್ ಆರ್ಗನ್ ವಾದಕರ ತ್ರಯ. ಪುಟ್ನಮ್ ಅವರ ನಾದವನ್ನು ಸ್ನಾನದ ಮನೆಯಲ್ಲಿಟ್ಟ ಸ್ಪೀಕರಿಗೆ ಕಳುಹಿಸಿ, ಅಲ್ಲಿ ಗೋಡೆಗಳಿಗೆ ಬಡಿದು ಮೊಳಗಿದ ದನಿಯನ್ನು ಇನ್ನೊಂದು ಮೈಕಿನಿಂದ ಹಿಡಿದು ಮೂಲದೊಂದಿಗೆ ಬೆರೆಸಿದರು. ಕೃತಕ ಅನುರಣನವನ್ನು ಕಲಾತ್ಮಕವಾಗಿ ಬಳಸಿದ ಮೊದಮೊದಲ ಜನಪ್ರಿಯ ಮುದ್ರಿಕೆಗಳಲ್ಲಿ ಇದಕ್ಕೆ ಅಗ್ರಸ್ಥಾನ. ಆ ಪ್ರಯೋಗಕ್ಕೆ ಒದಗಿದ್ದು ಮೌತ್ ಆರ್ಗನ್ನೇ ಎಂಬುದು ಗಮನಾರ್ಹ.

ಐದು ವರ್ಷಗಳ ನಂತರ, 1952ರ ಮೇ 12ರಂದು, ಯೂನಿವರ್ಸಲ್ ಸ್ಟುಡಿಯೊದಲ್ಲೇ ಲಿಟ್ಲ್ ವಾಲ್ಟರ್ ‘ಜೂಕ್’ ಎಂಬ ಹಾಡಿಲ್ಲದ ವಾದನವನ್ನು ಮುದ್ರಿಸಿದರು. ಚೆಸ್ ಸೋದರರ ಚೆಕರ್ ಮುದ್ರೆಯಲ್ಲಿ ಹೊರಬಂದ ಅದು ‘ಬಿಲ್‌ಬೋರ್ಡ್’ ಪತ್ರಿಕೆಯ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. 1954ರಲ್ಲಿ ಬಂದ ‘ಬ್ಲೂ ಲೈಟ್’ನಲ್ಲಿ ಪ್ರತಿಧ್ವನಿ ಇನ್ನೂ ಗಾಢವಾಗಿದೆ, ಕತ್ತಲು ತುಂಬಿದ ದೊಡ್ಡ ಹಜಾರದಲ್ಲಿ ಒಬ್ಬರೇ ಕುಳಿತು ನುಡಿಸಿದಂತೆ ಕೇಳುತ್ತದೆ.

ಇದೇ ಕಾಲಕ್ಕೆ ಟೇಪ್ ರೆಕಾರ್ಡರು ಪ್ರತಿಧ್ವನಿಗೆ ಇನ್ನೊಂದು ದಾರಿ ತೋರಿತು. ಟೇಪಿನ ಮೇಲೆ ದನಿಯನ್ನು ಬರೆಯುವ ಹೆಡ್ಡು ಒಂದು, ಓದುವ ಹೆಡ್ಡು ಇನ್ನೊಂದು. ಇವುಗಳ ನಡುವೆ ಎರಡು ಅಂಗುಲ ಅಂತರವಿದ್ದು, ಟೇಪು ಸೆಕೆಂಡಿಗೆ 15 ಅಂಗುಲದಂತೆ ಓಡಿದರೆ, ನುಡಿಸಿದ ಸ್ವರ ಸುಮಾರು 133 ಮಿಲಿಸೆಕೆಂಡು ತಡವಾಗಿ ಮತ್ತೆ ಕೇಳುತ್ತದೆ. ಮೆಂಫಿಸ್‌ನ ಸನ್ ಸ್ಟುಡಿಯೊದ ಸ್ಯಾಮ್ ಫಿಲಿಪ್ಸ್ ಈ ಒಂದೇ ಬಡಿತದ ಪ್ರತಿಧ್ವನಿಯನ್ನು ತಮ್ಮ ಗುರುತನ್ನಾಗಿಯೇ ಮಾಡಿಕೊಂಡರು.

ವಿಜಯಪುರದ ಗೋಳಗುಮ್ಮಟದಲ್ಲಿ ಕೂಗಿ ನೋಡಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. 17 ಮೀಟರು ದೂರದ ಗೋಡೆಗೆ ತಾಗಿದ ದನಿ ಹಿಂದಿರುಗಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ತಡ ಇದಕ್ಕಿಂತ ತೀರ ಕಡಿಮೆಯಾದರೆ ಕಿವಿ ಎರಡು ದನಿಗಳನ್ನು ಒಂದೇ ಎಂದು ಗ್ರಹಿಸುತ್ತದೆ. ಹೆಚ್ಚಾದರೆ ಪ್ರತಿಧ್ವನಿಯನ್ನು ಪ್ರತ್ಯೇಕವಾಗಿ ಗುರುತಿಸುತ್ತದೆ. ಎಂದರೆ ತಡವನ್ನು ಹೆಚ್ಚಿಸುವುದೂ ಒಂದೇ, ಗೋಡೆಯನ್ನು ದೂರ ಸರಿಸುವುದೂ ಒಂದೇ.

ಕಾಲಬುಡದ ಕೋಣೆ

ಟೇಪಿನ ಯಂತ್ರಗಳು ಭಾರವಾಗಿದ್ದವು. ಟೇಪು ಸವೆಯುತ್ತಿತ್ತು, ತುಂಡಾಗುತ್ತಿತ್ತು. 1969ರಲ್ಲಿ ಫಿಲಿಪ್ಸ್ ಸಂಸ್ಥೆಯ ಸಂಶೋಧಕರಾದ ಸ್ಯಾಂಗ್‌ಸ್ಟರ್ ಮತ್ತು ಟೀರ್ ಇದಕ್ಕೆ ಬದಲಾಗಿ ಒಂದು ವಿದ್ಯುನ್ಮಂಡಲವನ್ನು ರೂಪಿಸಿದರು. ಬೆಂಕಿ ಆರಿಸಲು ಜನ ಸಾಲಾಗಿ ನಿಂತು ನೀರಿನ ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸುವಂತೆ, ಇದರಲ್ಲಿ ವಿದ್ಯುದಂಶ ಒಂದು ಕೋಶದಿಂದ ಇನ್ನೊಂದಕ್ಕೆ ದಾಟುತ್ತ ತಡವಾಗಿ ಕೊನೆ ಮುಟ್ಟುತ್ತದೆ. ‘ಬಕೆಟ್ ಬ್ರಿಗೇಡ್’ ಎಂಬ ಹೆಸರು ಬಂದದ್ದು ಹೀಗೆ. ಜಪಾನಿನ ಬಾಸ್ ಸಂಸ್ಥೆಯ ‘ಡಿಎಂ-2’ (1981) ಈ ಬಗೆಯದು. ಅದೇ ಸಂಸ್ಥೆ 1983ರಲ್ಲಿ ತಂದ ‘ಡಿಡಿ-2’ ದನಿಯನ್ನು ಅಂಕಿಗಳಾಗಿ ಪರಿವರ್ತಿಸಿ ನೆನಪಿಟ್ಟುಕೊಳ್ಳುವ ಡಿಜಿಟಲ್ ಪೆಡಲ್.

ಬಕೆಟ್ಟುಗಳ ಸಾಲಿನಲ್ಲಿ ನೀರು ಅಷ್ಟಿಷ್ಟು ಚೆಲ್ಲುವಂತೆ ಮೊದಲ ಬಗೆಯಲ್ಲಿ ದನಿಯ ಮೊನಚು ಕಡಿಮೆಯಾಗುತ್ತದೆ. ಮೌತ್ ಆರ್ಗನ್ ವಾದಕರಲ್ಲಿ ಅನೇಕರು ಇದನ್ನೇ ಮೆಚ್ಚುತ್ತಾರೆ. ಮಬ್ಬಾದ ಪ್ರತಿಧ್ವನಿ ಹಿನ್ನೆಲೆಯಲ್ಲಿ ಉಳಿಯುತ್ತದೆ, ಮೂಲ ಸ್ವರದ ದಾರಿಗೆ ಅಡ್ಡಬರುವುದಿಲ್ಲ. ಡಿಜಿಟಲ್ ಪೆಡಲಿನಲ್ಲಿ ಮೂಲದಷ್ಟೇ ಚೂಪಾಗಿ ಮರಳುವ ಸ್ವರ ಇನ್ನೊಬ್ಬ ವಾದಕ ತಾಳತಪ್ಪಿ ಸೇರಿಕೊಂಡಂತೆ ತೋರಬಹುದು. ಆದ್ದರಿಂದಲೇ ಈಚಿನ ಹಲವು ಡಿಜಿಟಲ್ ಪೆಡಲುಗಳು ಹಳೆಯ ಟೇಪಿನ ಮಬ್ಬನ್ನು ಬೇಕೆಂದೇ ಅನುಕರಿಸುತ್ತವೆ.

ಪೆಡಲಿನ ಮೇಲೆ ಸಾಮಾನ್ಯವಾಗಿ ಮೂರು ತಿರುಗಣೆಗಳು: ಎಷ್ಟು ತಡ, ಎಷ್ಟು ಸಲ, ಎಷ್ಟು ಜೋರು. ಹಳೆಯ ಷಿಕಾಗೊ ಧಾಟಿಗೆ 100ರಿಂದ 150 ಮಿಲಿಸೆಕೆಂಡು ತಡ, ಒಂದೆರಡು ಮರುದನಿ ಸಾಕು. ನುಡಿಸುತ್ತಿರುವಾಗ ಇದೆಯೆಂದು ತಿಳಿಯಬಾರದು, ಆರಿಸಿದಾಗ ಏನೋ ಹೋಯಿತೆನ್ನಿಸಬೇಕು. ಆ ಮಟ್ಟವೇ ಸರಿಯಾದ ಮಟ್ಟ. ಮಿತಿಮೀರಿ ಕೆಲಸ ಮಾಡುತ್ತಿರುವ ವಾಲ್ವ್ ಆಂಪ್ಲಿಫೈಯರು ಇಲ್ಲಿ ಇನ್ನೊಂದು ಉಪಕಾರ ಮಾಡುತ್ತದೆ. ಜೋರಾದ ಸ್ವರ ನಡೆಯುತ್ತಿರುವಾಗ ಅದರಡಿ ಪ್ರತಿಧ್ವನಿ ಅದುಮಿಹೋಗುತ್ತದೆ. ವಾದಕ ಉಸಿರು ನಿಲ್ಲಿಸಿದೊಡನೆ ಮೇಲೆದ್ದು ಆ ಖಾಲಿ ಜಾಗವನ್ನು ತುಂಬುತ್ತದೆ.

ಗಿಟಾರಿಗೂ ಮೌತ್ ಆರ್ಗನ್ನಿಗೂ ಇರುವ ವ್ಯತ್ಯಾಸವನ್ನು ಮರೆತರೆ ಮಾತ್ರ ತೊಂದರೆ ಖಂಡಿತ. ಎಲೆಕ್ಟ್ರಿಕ್ ಗಿಟಾರಿನ ಅಯಸ್ಕಾಂತ ತಂತಿಯ ಕಂಪನವನ್ನು ಹಿಡಿಯುತ್ತದೆ. ಮೈಕು ಹಿಡಿಯುವುದು ಗಾಳಿಯಲ್ಲಿನ ಶಬ್ದವನ್ನು. ಸ್ಪೀಕರಿನ ದನಿ ಮತ್ತೆ ಮೈಕನ್ನು ಹೊಕ್ಕಾಗ ‘ಕುಂಯ್’ ಎಂದು ಕೂಗುವುದನ್ನು ಸಭೆ ಸಮಾರಂಭಗಳಲ್ಲಿ ಎಲ್ಲರೂ ಕೇಳಿದ್ದಾರೆ. ಗಿಟಾರಿಗೆಂದು ಮಾಡಿದ, ದನಿಯನ್ನು ಒರಟಾಗಿಸುವ ಪೆಡಲುಗಳು ಮೈಕಿನ ಸಂಕೇತವನ್ನು ವಿಪರೀತ ಹಿಗ್ಗಿಸುವುದರಿಂದ ಈ ಕೂಗನ್ನು ಬೇಗ ಆಹ್ವಾನಿಸುತ್ತವೆ. ಡಿಲೇಯಲ್ಲೂ ಮರುದನಿಗಳನ್ನು ಹೆಚ್ಚಿಸುತ್ತ ಹೋದರೆ ಅದೇ ಗತಿ. ಕ್ರಿಸ್ಟಲ್ ಮೈಕಿನದು ಇನ್ನೊಂದು ಬಗೆಯ ಸೂಕ್ಷ್ಮ. ಅದನ್ನು ಕೆಲವು ಪೆಡಲುಗಳಿಗೆ ನೇರವಾಗಿ ಜೋಡಿಸಿದರೆ ಮಂದ್ರ ಸೊರಗಿ ದನಿ ತೆಳುವಾಗುತ್ತದೆ. ಅದಕ್ಕೆ ತಕ್ಕ ಪ್ರಿ-ಆಂಪ್ಲಿಫೈಯರು ನಡುವೆ ಇರಬೇಕು.

ಡಿಲೇಯ ಜೊತೆಗೆ, ಒಂದು ಸ್ಥಾಯಿ ಕೆಳಗಿನ ಸ್ವರವನ್ನು ಸೇರಿಸುವ ‘ಆಕ್ಟೇವ್’ ಪೆಡಲೂ ಬಳಕೆಯಲ್ಲಿದೆ. ಮೌತ್ ಆರ್ಗನ್ನಿಗೆ ಸಹಜವಾಗಿ ಇಲ್ಲದ ಘನತೆಯನ್ನು ಅದು ಕೊಡುತ್ತದೆ. ಆದರೆ ಒಂದೇ ಸಲಕ್ಕೆ ಎರಡು ಮೂರು ಸ್ವರ ನುಡಿಸಿದರೆ ಹಳೆಯ ಮಾದರಿಗಳು ದಾರಿತಪ್ಪಿ ತೊದಲುತ್ತವೆ. ಸ್ವರಗುಚ್ಛಗಳನ್ನೂ ನಿಭಾಯಿಸಬಲ್ಲ ಎಲೆಕ್ಟ್ರೊ-ಹಾರ್ಮೋನಿಕ್ಸ್ ಸಂಸ್ಥೆಯ ‘ಪಾಗ್’ 2005ರಲ್ಲಿ ಬಂತು. ಇಂಥವನ್ನು ಹಲವು ಸಂಗೀತಗಾರರು ಧಾರಾಳವಾಗಿ ಬಳಸಿ, ಮೌತ್ ಆರ್ಗನ್ನನ್ನು ಬ್ಲೂಸ್‌ನ ಗಡಿಯಾಚೆಗೂ ಕೊಂಡೊಯ್ದಿದ್ದಾರೆ.

ಯಂತ್ರದ ಪಾಲು, ಉಸಿರಿನ ಪಾಲು

ಇದೆಲ್ಲ ಕೃತಕ, ನಿಜವಾದ ಬ್ಲೂಸ್ ನುಡಿಸಲು ಮೈಕು ಮತ್ತು ಆಂಪ್ಲಿಫೈಯರು ಸಾಕು ಎನ್ನುವ ಸಂಪ್ರದಾಯವಾದಿಗಳಿದ್ದಾರೆ. ಆದರೆ ಅವರು ಆದರ್ಶವೆಂದು ಎತ್ತಿಹಿಡಿಯುವ 1950ರ ದಶಕದ ಮುದ್ರಿಕೆಗಳಲ್ಲೇ ಪ್ರತಿಧ್ವನಿ ತುಂಬಿದೆ. ಆ ನಾದ ಆ ದಿನಗಳಲ್ಲಿ ಹೊಚ್ಚಹೊಸದು. ಯಾವ ಸಂಪ್ರದಾಯಕ್ಕೂ ಸೇರಿರಲಿಲ್ಲ. ಇನ್ನೊಂದು ತುದಿಯಲ್ಲಿ, ಪೆಡಲು ಕೊಂಡರೆ ವಾಲ್ಟರ್‌ ದನಿ ಬಂದುಬಿಡುತ್ತದೆಂದು ನಂಬುವ ಹೊಸಬರಿದ್ದಾರೆ. ಅವರಿಗೂ ನಿರಾಶೆ ಕಾದಿರುತ್ತದೆ. ಕೋಣೆ ಎಷ್ಟೇ ಚೆನ್ನಾಗಿರಲಿ, ಅದು ತನ್ನೊಳಗೆ ನುಡಿದದ್ದನ್ನೇ ಮರಳಿ ನುಡಿಯುತ್ತದೆ. ಜಾರಿದ ಸ್ವರ ಸರಿಯಾದ ಜಾಗದಲ್ಲಿ ನಿಲ್ಲದಿದ್ದರೆ ಡಿಲೇ ಆ ಅಪಶ್ರುತಿಯನ್ನು ಎರಡು ಸಲ ಕೇಳಿಸುತ್ತದೆ. ಅನುಭವಿ ಶಿಕ್ಷಕರು ಮೊದಲು ಉಸಿರು, ಆಮೇಲೆ ಬೊಗಸೆ, ನಂತರ ಆಂಪ್ಲಿಫೈಯರು, ಕೊನೆಗೆ ಪೆಡಲು ಎಂಬ ಕ್ರಮ ಹೇಳುವುದು ಇದಕ್ಕಾಗಿಯೇ.

ಲಿಟ್ಲ್ ವಾಲ್ಟರ್ 1968ರ ಫೆಬ್ರುವರಿ 15ರಂದು, ಹೊಡೆದಾಟವೊಂದರ ಬೆನ್ನಿಗೇ, ಷಿಕಾಗೊದಲ್ಲಿ ತೀರಿಕೊಂಡಾಗ ಅವರಿಗೆ 37 ವರ್ಷ. ಪೆಡಲುಗಳ ಕಾಲವನ್ನು ಅವರು ನೋಡಲಿಲ್ಲ. ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ನಲ್ಲಿ ಅವರಿಗೆ ಸ್ಥಾನ ದೊರೆತದ್ದು 2008ರಲ್ಲಿ, ಮರಣದ ನಲವತ್ತು ವರ್ಷಗಳ ನಂತರ. ಬೀದಿಯ ಗದ್ದಲದಲ್ಲಿ ತನ್ನ ದನಿ ಕೇಳಿಸಲಿ ಎಂದು ಬಡ ವಾದಕನೊಬ್ಬ ಕೈಗೆ ಸಿಕ್ಕ ಸಾಮಾನುಗಳಿಂದ ಕಟ್ಟಿಕೊಂಡ ನಾದವನ್ನು ಇಂದು ಕಾರ್ಖಾನೆಗಳು ಅಳೆದು ತೂಗಿ, ಪೆಟ್ಟಿಗೆಯಲ್ಲಿಟ್ಟು ಮಾರುತ್ತಿವೆ. ಆ ಪೆಟ್ಟಿಗೆಯಲ್ಲಿ ಕೋಣೆ ಇದೆ. ಅದರೊಳಗೆ ನುಡಿಸಬೇಕಾದದ್ದನ್ನು ನುಡಿಸುವವರೇ ತರಬೇಕು.