ಕಾಲ ಕಳೆದಂತೆ ಉದ್ದವಾದ ವಂಶಾವಳಿ

ಪೋಲೆಂಡಿನ ಕುಲೀನ ಮನೆತನಗಳು 16-17ನೇ ಶತಮಾನದಲ್ಲಿ ತಾವು ಸರ್ಮೇಷಿಯನ್ ಎಂಬ ಪ್ರಾಚೀನ ಕುದುರೆ ಸವಾರ ಬುಡಕಟ್ಟಿನ ಕುಡಿಗಳೆಂದು ಹೇಳಿಕೊಂಡವು. ಹೊಲ ಉಳುವವರದು ಬೇರೆ ರಕ್ತವಂತೆ! ನಗುವ ಮೊದಲು ನಮ್ಮ ಚಾಲುಕ್ಯರನ್ನು ನೋಡಬೇಕು. 543ರ ಬಾದಾಮಿ ಬಂಡೆಶಾಸನ ಒಂದನೇ ಪುಲಕೇಶಿಯ ಅಶ್ವಮೇಧವನ್ನು ಹೇಳುತ್ತದೆ, ಅಯೋಧ್ಯೆಯ ಮೂಲದ ಸುದ್ದಿಯಿಲ್ಲ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯನ್ನು ಬಾಯ್ತುಂಬ ಹೊಗಳಿದರೂ ಅರಸರ ಸಾಲನ್ನು ಜಯಸಿಂಹನಿಂದಲೇ ಶುರುಮಾಡುತ್ತಾನೆ. 11ನೇ ಶತಮಾನದ ಕಲ್ಯಾಣ ಚಾಲುಕ್ಯರ ತಾಮ್ರಪಟಗಳಿಗೆ ಬಂದರೆ, ಅಯೋಧ್ಯೆಯಲ್ಲಿ ಆಳಿದ 59 ಪೂರ್ವಜರು ಪ್ರತ್ಯಕ್ಷ!

ಶಾಸನ ಸುಮ್ಮನಿದ್ದ ಮಾತ್ರಕ್ಕೆ ನಂಬಿಕೆಯೇ ಇರಲಿಲ್ಲವೇ ಎಂದು ಕೇಳಬಹುದು. ಒಪ್ಪತಕ್ಕ ಮಾತೇ. ಆದರೆ ಹಾರೀತಿಪುತ್ರರು, ಮಾನವ್ಯಗೋತ್ರದವರು ಎಂದು ಕೊರೆಸಿಕೊಂಡ ಬಾದಾಮಿಯ ಅರಸರು ಇಷ್ಟು ದೊಡ್ಡ ಹೆಮ್ಮೆಯನ್ನು ಬಿಟ್ಟಾರೆಯೇ? ಬಾದಾಮಿಯ ಅರಸರ ನಂತರ ರಾಷ್ಟ್ರಕೂಟರು ಸುಮಾರು ಎರಡು ಶತಮಾನ ಆಳಿದ ಗಾದಿಯನ್ನು ಕಲ್ಯಾಣ ಚಾಲುಕ್ಯರ ತೈಲಪ ಹಿಡಿದದ್ದು 973ರಲ್ಲಿ. ಹೊಸದಾಗಿ ಗಳಿಸಿದ ಅಧಿಕಾರಕ್ಕೆ ಹಳೆಯ ಅಜ್ಜಂದಿರು ಬೇಕಾದರು.