ಓದು, ವಯಸ್ಸು ಮತ್ತು ಉದ್ಯೋಗ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆಯುವವನ ಕಿವಿಗೆ ಮಗ್ಗದ ಸದ್ದು ಬೀಳದಿರುವುದು ಅಪರೂಪ. ಜಮಖಂಡಿ, ಮುಧೋಳಗಳಲ್ಲಿ ಕಬ್ಬು ನುರಿಸುವ ಕಾಲ ಬಂದಿತೆಂದರೆ ಕಡಿಯುವವರಿಗೂ ಸಾಗಿಸುವವರಿಗೂ ಬಿಡುವೇ ಇರದು. ಆಲಮಟ್ಟಿಯ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟ ಬೀಳಗಿ ಕಡೆಯ ಕುಟುಂಬಗಳು ಸಹ ಸುಮ್ಮನೆ ಕುಳಿತುಕೊಳ್ಳಲಾಗಲಿಲ್ಲ. ಹೀಗಿದ್ದೂ ಪದವಿ ಪಡೆದ ತರುಣರು ತಮಗೆ ಕೆಲಸವಿಲ್ಲವೆನ್ನುವುದನ್ನು ಇದೇ ಊರುಗಳಲ್ಲಿ ಕೇಳುತ್ತೇವೆ. ಇದು ಹೇಗೆ?

ನಿರುದ್ಯೋಗಿ ಎಂದರೆ ಯಾರು ಎಂಬುದನ್ನು ಮೊದಲು ತಿಳಿಯಬೇಕು. ಕೆಲಸವಿಲ್ಲದವರೆಲ್ಲ ನಿರುದ್ಯೋಗಿಗಳಲ್ಲ. ಶಾಲೆಯಲ್ಲಿ ಕುಳಿತಿರುವ ನೀವು ಆ ಲೆಕ್ಕಕ್ಕೆ ಸೇರುವುದಿಲ್ಲ. ದುಡಿದು ದಣಿದು ಮನೆಯಲ್ಲಿರುವ ಅಜ್ಜನೂ ಸೇರುವುದಿಲ್ಲ. ದುಡಿಯಲು ಸಿದ್ಧನಿದ್ದು, ಕೆಲಸವನ್ನು ಅರಸುತ್ತಿದ್ದು, ಅದು ದೊರೆಯದವನು ಮಾತ್ರ ನಿರುದ್ಯೋಗಿ. ದುಡಿಯುವವರನ್ನೂ ಇಂಥವರನ್ನೂ ಕೂಡಿಸಿದ ಮೊತ್ತದಲ್ಲಿ ಇವರು ನೂರಕ್ಕೆ ಎಷ್ಟು ಮಂದಿ ಎಂಬುದೇ ನಿರುದ್ಯೋಗದ ಪ್ರಮಾಣ.

ಈ ಪ್ರಮಾಣವು ತಾರುಣ್ಯದಲ್ಲಿಯೇ ಹೆಚ್ಚು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆಯೂ ಕೂಡಿ 2024ರಲ್ಲಿ ಹೊರತಂದ ವರದಿಯಂತೆ, ಭಾರತದ 15ರಿಂದ 29 ವರ್ಷದವರಲ್ಲಿ ಅದು 2000ದಲ್ಲಿ ಶೇಕಡಾ 5.7 ಇದ್ದುದು 2019ರಲ್ಲಿ 17.5ಕ್ಕೆ ಏರಿ, 2022ರಲ್ಲಿ 12.4ಕ್ಕೆ ಇಳಿಯಿತು. ಆ ವರ್ಷ ಓದುಬರಹ ಬಾರದ ತರುಣರಲ್ಲಿ ನಿರುದ್ಯೋಗ ಶೇಕಡಾ 3.4, ಪದವೀಧರರಲ್ಲಿ 29.1!

ಹಾಗಾದರೆ ಓದದಿರುವುದೇ ಲೇಸೆಂದು ಯಾರಾದರೂ ಹೇಳಿಯಾರು. ಆ ಮಾತು ಆತುರದ್ದು. ಓದದ ಬಡವನಿಗೆ ಕಾಯುವ ಅನುಕೂಲವಿಲ್ಲ. ಇಂದು ಕಬ್ಬು ಕಡಿಯದಿದ್ದರೆ ಸಂಜೆ ಒಲೆ ಉರಿಯದು. ಆದುದರಿಂದ ಕೂಲಿ ಎಷ್ಟೇ ಕಡಿಮೆಯಿರಲಿ, ಅವನು ದುಡಿಯುವವರ ಪಟ್ಟಿಯಲ್ಲಿರುತ್ತಾನೆ. ಪದವೀಧರನಾದರೋ ತಂದೆಯ ಮಗ್ಗದ ಆಸರೆಯಲ್ಲಿ ಎರಡು ಮೂರು ವರ್ಷ ಸ್ಪರ್ಧಾ ಪರೀಕ್ಷೆಗಳನ್ನು ಬರೆಯುತ್ತ, ತನ್ನ ಓದಿಗೆ ತಕ್ಕ ಹುದ್ದೆಗಾಗಿ ಕಾಯುತ್ತಾನೆ. ಕಾಯುವವರು ಹೆಚ್ಚಿದಷ್ಟು ಹುದ್ದೆಗಳು ಹೆಚ್ಚಿಲ್ಲ. ತೊಡಕು ಇರುವುದು ಅಲ್ಲಿ. ಮೂವತ್ತು ದಾಟಿದ ಮೇಲೆ ಈ ಪ್ರಮಾಣ ತಗ್ಗುತ್ತದೆ. ಕೆಲವರಿಗೆ ಬಯಸಿದ ಹುದ್ದೆ ಸಿಕ್ಕಿರುತ್ತದೆ. ಹಲವರು ಸಂಸಾರದ ಭಾರಕ್ಕೆ ಮಣಿದು ಸಿಕ್ಕಿದ್ದನ್ನು ಹಿಡಿದಿರುತ್ತಾರೆ. ಅಂಕಿಗಳು ಈ ಇಬ್ಬರಲ್ಲಿ ಭೇದವೆಣಿಸುವುದಿಲ್ಲ.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮವಾದುದು. ಮನೆಯ ಮಗ್ಗಕ್ಕೆ ದಿನವಿಡೀ ಕಂಡಿಕೆ ಸುತ್ತುವ ತಾಯಿಯನ್ನು ಕೇಳಿದರೆ, ತಾನು ಮನೆಯಲ್ಲೇ ಇರುವೆನೆಂದು ಹೇಳಿಯಾಳು. ಆದರೆ ಸರಕಾರದ ಸಮೀಕ್ಷೆಯ ನಿಯಮದಂತೆ, ಸಂಬಳವಿಲ್ಲದೆ ಮನೆಯ ಕಸುಬಿಗೆ ನೆರವಾಗುವವಳೂ ಉದ್ಯೋಗಸ್ಥಳೇ.