ಕರೆ ಕಟ್ಟಿದ್ದೂ ಅದೇ, ಕಚ್ಚಿ ಹಿಡಿಸಿದ್ದೂ ಅದೇ

ಹಲ್ಲಿನ ಮುಂಭಾಗಕ್ಕೆ ತೆಳ್ಳನೆಯ ಪದರ ಅಂಟಿಸಿ ನಗುವನ್ನು ಅಂದ ಮಾಡುವ ವಿನಿಯರ್ ಹುಟ್ಟಿದ್ದು ಹಾಲಿವುಡ್ಡಿನ ತಾರೆಯರಿಗಾಗಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಅದನ್ನು ವಿಚಾರಿಸಿಕೊಂಡು ಬರುವವರ ಕತೆ ಬೇರೆ. ಗಂಡಿನ ಕಡೆಯವರು ಹೆಣ್ಣು ನೋಡಲು ಬರುವ ದಿನ ಗೊತ್ತಾಗಿರುತ್ತದೆ, ಇಲ್ಲವೇ ಬೆಂಗಳೂರಿನಲ್ಲಿ ಕೆಲಸದ ಇಂಟರ್‌ವ್ಯೂ ಇರುತ್ತದೆ. ಹಲ್ಲು ಗಟ್ಟಿಯಾಗಿದೆ, ಹುಳುಕಿಲ್ಲ, ನೋವಿಲ್ಲ. ಮುಂದಿನ ಹಲ್ಲುಗಳ ಮೇಲೆ ಮಾತ್ರ ಅಡ್ಡಡ್ಡಕ್ಕೆ ಸುಣ್ಣದ ಬಣ್ಣದ ಪಟ್ಟೆ, ನಡುವೆ ಕಂದು ಕರೆ. ನಗು ಬಂದರೆ ಕೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತದೆ.

ಬೋರಿನ ನೀರು ಕುಡಿದು ಹೀಗಾಯಿತು ಎಂದು ಊರಿನವರೇ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ತುಮಕೂರು ಜಿಲ್ಲೆಯಲ್ಲಿ ಪಾವಗಡ, ಸಿರಾ, ಮಧುಗಿರಿ ಕಡೆ ಈ ಕಾಟ ಹೆಚ್ಚು. ತೆಂಗಿನ ಸೀಮೆಯಲ್ಲೂ ತೆರೆದ ಬಾವಿಗಳು ಬತ್ತಿ, ತೋಟ ಉಳಿಸಿಕೊಳ್ಳಲು ಬೋರು ಐನೂರು ಅಡಿ, ಎಂಟುನೂರು ಅಡಿ ಎಂದು ಇಳಿಯುತ್ತ ಹೋದ ಹಾಗೆ, ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರು ಮೇಲೆ ಬಂತು. ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿರುವ ಕೆಲವು ಖನಿಜಗಳಿಂದ ಫ್ಲೋರೈಡ್ ಆ ನೀರಿಗೆ ಬಿಟ್ಟುಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂಬುದು ನಮ್ಮ ದೇಶದ ಮಾನದಂಡ.

ಇದ್ದಿಲು, ಕರಟ ಸುಟ್ಟ ಮಸಿ, ಉಪ್ಪು, ಸೋಡಾ, ಏನು ಹಾಕಿ ಉಜ್ಜಿದರೂ ಈ ಕರೆ ಹೋಗದು. ಉಜ್ಜಿದಷ್ಟೂ ಹಲ್ಲಿನ ಹೊಳಪೇ ಸವೆಯುತ್ತದೆ. ಮಗು ಇನ್ನೂ ಅಂಬೆಗಾಲಿಡುತ್ತಿರುವಾಗ, ಮುಂದೆಂದೋ ಮೂಡಬೇಕಾದ ಶಾಶ್ವತ ಹಲ್ಲು ದವಡೆಯೊಳಗೆ ಕಟ್ಟಿಕೊಳ್ಳುತ್ತಿರುತ್ತದೆ. ಆಗ ಮೈಗೆ ಸೇರಿದ ಅತಿ ಫ್ಲೋರೈಡು ಎನಾಮಲ್ ಕಟ್ಟುವ ಕೆಲಸ ಕೆಡಿಸುತ್ತದೆ. ಹೊರಮೈ ಗಟ್ಟಿ, ಅದರಡಿ ಸಣ್ಣ ಸಣ್ಣ ರಂಧ್ರಗಳ ಪದರ. ಹಲ್ಲು ಮೂಡಿದ ಮೇಲೆ ಆ ರಂಧ್ರಗಳು ಬಣ್ಣ ಹೀರುತ್ತವೆ.

ಇಷ್ಟು ತಿಳಿಯಲು ಜಗತ್ತಿಗೆ ಮೂವತ್ತು ವರ್ಷ ಹಿಡಿಯಿತು. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಹೊಸ ದಂತವೈದ್ಯ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬಂದು ಬೋರ್ಡು ಹಾಕಿದಾಗ, ಅಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದು. ಹಂದಿಮಾಂಸ ತಿಂದು ಹೀಗಾಗಿದೆ, ಹಾಲು ಕೆಟ್ಟದ್ದು ಎಂದೆಲ್ಲ ಊರಿನವರ ವಿವರಣೆ. ಮೆಕೇ ಪುಸ್ತಕ ಹುಡುಕಿದ, ಎಲ್ಲೂ ಇಲ್ಲ. ದಂತವೈದ್ಯದಲ್ಲಿ ಆಗಿನ ಕಾಲದ ದೊಡ್ಡ ಹೆಸರು ಜಿ. ವಿ. ಬ್ಲ್ಯಾಕ್, ಅವರು 1909ರಲ್ಲಿ ಬಂದು ನೋಡಿ ತಾವೂ ಬೆರಗಾದರು, ಸಾಯುವವರೆಗೂ ಅದರ ಬೆನ್ನು ಬಿಡಲಿಲ್ಲ. ಇಬ್ಬರಿಗೂ ಎರಡು ಸಂಗತಿ ಸ್ಪಷ್ಟವಾಯಿತು. ದೊಡ್ಡವರಾದ ಮೇಲೆ ಊರಿಗೆ ಬಂದವರಿಗೆ ಕರೆ ಬರುವುದಿಲ್ಲ. ಕರೆ ಇದ್ದ ಹಲ್ಲು ಹುಳುಕಾಗುವುದು ಕಡಿಮೆ.

1923ರಲ್ಲಿ ಐಡಾಹೊ ರಾಜ್ಯದ ಓಕ್ಲಿ ಎಂಬ ಊರಿನ ತಾಯಂದಿರು ಮೆಕೇಗೆ ಒಂದು ಸುಳಿವು ಕೊಟ್ಟರು. ದೂರದ ಬಿಸಿನೀರ ಬುಗ್ಗೆಯಿಂದ ಊರಿಗೆ ಹೊಸ ಪೈಪು ಹಾಕಿದ ಮೇಲೆ ಮಕ್ಕಳ ಹಲ್ಲಿಗೆ ಕರೆ ಶುರುವಾಯಿತು ಎಂದರು. ನೀರಿನಲ್ಲಿ ಏನಿದೆ ಎಂದು ಮೆಕೇಗೆ ಗೊತ್ತಿರಲಿಲ್ಲ. ಆದರೂ ಆ ಪೈಪು ಬಿಡಿ, ಬೇರೆ ನೀರು ತನ್ನಿ ಎಂದ. ಊರಿನವರು ಕೇಳಿದರು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಬೆಳ್ಳನೆಯ ಹಲ್ಲು ಬಂತು. ಕಾರಣ ತಿಳಿಯುವ ಮುಂಚೆಯೇ ಪರಿಹಾರ ಸಿಕ್ಕಿದ ಈ ಪ್ರಸಂಗ ನನಗೆ ಇಡೀ ಕತೆಯಲ್ಲಿ ಬಹಳ ಹಿಡಿಸಿದ ಭಾಗ.

ಕಾರಣ ಹೊರಬಿದ್ದದ್ದು ಹೆದರಿಕೆಯಿಂದ. ಅರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬ ಊರು ಅಲ್ಕೋವಾ ಅಲ್ಯೂಮಿನಿಯಂ ಕಂಪನಿಯದು. ಅಲ್ಲಿಯ ಮಕ್ಕಳಿಗೂ ಇದೇ ಕರೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಿದರೆ ವಿಷ ಎಂಬ ಸುದ್ದಿ ಆಗಲೇ ಹರಿದಾಡುತ್ತಿತ್ತು. ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಗಾಬರಿಯಾಗಿ ಬಾಕ್ಸೈಟಿನ ನೀರು ತರಿಸಿ, ಸಾಮಾನ್ಯ ಪರೀಕ್ಷೆಗೆ ಸಿಗದ್ದನ್ನೂ ಹಿಡಿಯುವ ವರ್ಣಪಟಲ ವಿಶ್ಲೇಷಣೆ ಮಾಡಿಸಿದ. ಲೀಟರಿಗೆ 13.7 ಮಿಲಿಗ್ರಾಂ ಫ್ಲೋರೈಡ್! ನಂಬಲಾಗದೆ ಇನ್ನೊಮ್ಮೆ ನೀರು ತರಿಸಿ ನೋಡಿದರೂ ಅದೇ. 1931ರಲ್ಲಿ ಮೆಕೇಗೆ ಕಾಗದ ಹೋಯಿತು. ಅದೇ ವರ್ಷ ಅರಿಜೋನಾದಲ್ಲಿ ಮಾರ್ಗರೆಟ್ ಸ್ಮಿತ್ ಮತ್ತು ಸಂಗಡಿಗರು ಬೇರೆ ದಾರಿಯಲ್ಲಿ ಇದೇ ಉತ್ತರಕ್ಕೆ ಬಂದಿದ್ದರು. ನಮ್ಮ ಮಗ್ಗುಲಲ್ಲೇ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ, ಹಲ್ಲಷ್ಟೇ ಅಲ್ಲ ಬೆನ್ನು ಕೀಲುಗಳೂ ಸೆಟೆದುಕೊಂಡ ಹಳ್ಳಿಗರ ವರದಿಯನ್ನು ಶಾರ್ಟ್ ಮತ್ತು ಸಂಗಡಿಗರು ಪ್ರಕಟಿಸಿದ್ದು 1937ರಲ್ಲಿ.

ಇತ್ತ ಸಿನಿಮಾದ ಕತೆ. ಬೆವರ್ಲಿ ಹಿಲ್ಸ್‌ನ ದಂತವೈದ್ಯ ಚಾರ್ಲ್ಸ್ ಪಿಂಕಸ್, 1920ರ ದಶಕದ ಕೊನೆಯಿಂದ ನಟರ ಹಲ್ಲಿಗೆ ಪಿಂಗಾಣಿಯ ತೆಳು ಮುಖವಾಡ ಮಾಡಿಕೊಡುತ್ತಿದ್ದ. ಬಾಲನಟಿ ಶರ್ಲಿ ಟೆಂಪಲ್‌ಗೆ ಹಾಲುಹಲ್ಲು ಬಿದ್ದ ಜಾಗ ತೆರೆಯ ಮೇಲೆ ಕಾಣಬಾರದೆಂದು ಇಂಥವನ್ನೇ ಮಾಡಿಕೊಟ್ಟ. ಅಂಟಿಸಲು ಇದ್ದದ್ದು ಮಾತ್ರ ಹಲ್ಲುಸೆಟ್ಟಿಗೆ ಉದುರಿಸುವ ಪುಡಿ. ಶಾಟ್ ಮುಗಿಯುವವರೆಗೆ ನಿಂತರೆ ಪುಣ್ಯ. ಹಾಕಿಕೊಂಡು ಊಟ ಮಾಡುವ ಹಾಗಿಲ್ಲ, ಕೊಬ್ಬರಿ ಚೂರು ಕಡಿಯುವ ಮಾತಂತೂ ದೂರವೇ ಉಳಿಯಿತು.

ಅಂದರೆ ಪದರ ಮಾಡುವುದು ಕಷ್ಟವಾಗಿರಲಿಲ್ಲ, ನಿಲ್ಲಿಸುವುದು ಕಷ್ಟವಾಗಿತ್ತು. ಒದ್ದೆ ಬಾಯಿಯಲ್ಲಿ, ನುಣ್ಣನೆಯ ಎನಾಮಲ್ಲಿಗೆ ಯಾವ ಗೋಂದೂ ಹಿಡಿಯುತ್ತಿರಲಿಲ್ಲ. ಅಮೆರಿಕದ ರೋಚೆಸ್ಟರಿನ ದಂತವೈದ್ಯ ಮೈಕೆಲ್ ಬ್ಯುನೊಕೋರ್‌ಗೆ ಹೊಳೆದದ್ದು ದಂತವೈದ್ಯದಿಂದಲ್ಲ, ಕಾರ್ಖಾನೆಯಿಂದ. ಲೋಹಕ್ಕೆ ಬಣ್ಣ ಹಿಡಿಯಲೆಂದು ಮೊದಲು ಫಾಸ್ಫಾರಿಕ್ ಆಮ್ಲ ಸವರುತ್ತಿದ್ದರು. ಹಲ್ಲಿಗೂ ಸವರಿದರೆ? 85 ಪರ್ಸೆಂಟಿನ ಆಮ್ಲವನ್ನು 30 ಸೆಕೆಂಡು ಇಟ್ಟು, ತೊಳೆದು, ಒಣಗಿಸಿ, ಅಕ್ರಿಲಿಕ್ ತೊಟ್ಟು ಅಂಟಿಸಿ ನೋಡಿದ. ಆಮ್ಲ ಸವರದ ಹಲ್ಲಿನಿಂದ ಅದು ಸರಾಸರಿ 11 ಗಂಟೆಗೆ ಉದುರಿತು. ಸವರಿದ್ದರಲ್ಲಿ ಸಾವಿರ ಗಂಟೆ ದಾಟಿತು. 1955ರಲ್ಲಿ ಅಚ್ಚಾದ ಆ ಪುಟ್ಟ ಲೇಖನವನ್ನು ಬಹಳ ವರ್ಷ ಯಾರೂ ಅಷ್ಟಾಗಿ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಗಾರೆಯವರು ಕಾಂಕ್ರೀಟು ಕಂಬಕ್ಕೆ ಗಾರೆ ಮೆತ್ತುವ ಮುಂಚೆ ಉಳಿಯಿಂದ ಕಚ್ಚು ಹಾಕುತ್ತಾರಲ್ಲ, ಆಮ್ಲ ಮಾಡುವುದು ಅದನ್ನೇ. ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚು. ಅದರೊಳಗೆ ಇಳಿದು ಗಟ್ಟಿಯಾಗಬಲ್ಲ ರಾಳವನ್ನು ರಾಫೆಲ್ ಬೋವೆನ್ 1962ರ ಸುಮಾರಿಗೆ ಕೊಟ್ಟ. ಇಂದಿನ ಕಾಂಪೊಸಿಟ್ ಹುಟ್ಟಿದ್ದು ಅದರಿಂದ.

ಹಲ್ಲಿನ ಕಡೆ ಕೆಲಸ ಮುಗಿಯಿತು, ಪಿಂಗಾಣಿಯ ಕಡೆ ಉಳಿಯಿತು. ಸುಟ್ಟ ಪಿಂಗಾಣಿಯ ಮೈ ಫಾಸ್ಫಾರಿಕ್ ಆಮ್ಲಕ್ಕೆ ಜಗ್ಗುವುದಿಲ್ಲ. 1975ರಲ್ಲಿ ಫ್ರಾನ್ಸಿನ ಅಲೆನ್ ರೋಶೆಟ್, ಗಾಜಿಗೂ ರಾಳಕ್ಕೂ ನಂಟು ಹಾಕಬಲ್ಲ ಸಿಲೇನ್ ಸವರಿ ಮುರಿದ ಹಲ್ಲಿಗೆ ಪಿಂಗಾಣಿ ಅಂಟಿಸಿದ. 1980ರ ದಶಕದ ಆರಂಭದಲ್ಲಿ ಅಮೆರಿಕದ ಸೈಮನ್ಸನ್, ಕಲಾಮಿಯಾ, ಹಾರ್ನ್ ಇವರು ಗಾಜನ್ನೇ ತಿನ್ನುವ ಆಮ್ಲ ಕೈಗೆತ್ತಿಕೊಂಡರು. ಪಿಂಗಾಣಿಯ ಒಳಮೈಯನ್ನು ಅದರಿಂದ ಕೊರೆದು, ಸಿಲೇನ್ ಸವರಿ, ರಾಳ ಹಾಕಿ ಒತ್ತಿದರೆ ಪದರ ವರ್ಷಗಟ್ಟಲೆ ಅಲ್ಲಾಡಲಿಲ್ಲ. ಆ ಆಮ್ಲದ ಹೆಸರು ಹೈಡ್ರೋಫ್ಲೋರಿಕ್. ಬೋರಿನ ನೀರಲ್ಲಿ ಬಂದು ಹಲ್ಲಿಗೆ ಕರೆ ಕಟ್ಟಿಸಿದ ಫ್ಲೋರಿನ್ನೇ ಇಲ್ಲಿ ಇನ್ನೊಂದು ವೇಷದಲ್ಲಿ ಬಂದು, ಆ ಕರೆ ಮುಚ್ಚುವ ಪಿಂಗಾಣಿಯನ್ನು ಹಲ್ಲಿಗೆ ಕಚ್ಚಿ ಹಿಡಿಸುತ್ತದೆ.

ಪಿಂಗಾಣಿಗಿಂತ ಗಟ್ಟಿಯಾದ ಲಿಥಿಯಂ ಡೈಸಿಲಿಕೇಟ್ ಎಂಬ ಗಾಜುಪಿಂಗಾಣಿ ಸಿಕ್ಕಿದ್ದು ಶುದ್ಧ ಆಕಸ್ಮಿಕ. ಕಾರ್ನಿಂಗ್ ಗಾಜಿನ ಕಂಪನಿಯ ಡೊನಾಲ್ಡ್ ಸ್ಟೂಕಿ 1950ರ ದಶಕದ ಆರಂಭದಲ್ಲಿ ಒಂದು ಗಾಜಿನ ತುಂಡನ್ನು 600 ಡಿಗ್ರಿಗೆ ಕಾಯಲು ಬಿಟ್ಟಿದ್ದ. ಕುಲುಮೆ ಕೆಟ್ಟು 900 ದಾಟಿತು. ಗಾಜು ಕರಗಿ ಕುಲುಮೆ ಹಾಳಾಯಿತೆಂದುಕೊಂಡು ಬಾಗಿಲು ತೆರೆದರೆ, ಕರಗದೆ ಹಾಲಿನಂತೆ ಬೆಳ್ಳಗಾಗಿ ಕುಳಿತಿದೆ. ಇಕ್ಕಳದಿಂದ ತೆಗೆಯುವಾಗ ಜಾರಿ ನೆಲಕ್ಕೆ ಬಿತ್ತು, ಠಣ್ಣೆಂದಿತು, ಒಡೆಯಲಿಲ್ಲ. ಒಲೆಯ ಮೇಲೂ ಇಡಬಹುದಾದ ಪಾತ್ರೆಗಳು ಅದರಿಂದ ಬಂದವು. ದಶಕಗಳ ನಂತರ ಅದೇ ಕುಲದ ವಸ್ತು ಹಲ್ಲಿಗೂ ಬಂತು.

ಹೀಗಾಗಿ ಇವತ್ತು ಕ್ಲಿನಿಕ್ಕಿನಲ್ಲಿ ಕೂತವರ ಮುಂದೆ ನಾಲ್ಕೈದು ದಾರಿ. ಮಾತು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ:

“ದುಡ್ಡು ಹೆಂಗೋ ಹೊಂದುಸ್ತೀವಿ, ಯಾವ್ದು ಒಳ್ಳೇದೋ ಅದನ್ನೇ ಹಾಕ್ಬಿಡಿ ಡಾಕ್ಟ್ರೇ.”

“ತಡೀರಿ ಅಮ್ಮ, ಹಾಕೋದೇ ಬೇಕಾ ಅಂತ ಮೊದ್ಲು ನೋಡಣ.”

ಈ ತಡೆಯೇ ಬಹಳ ಮುಖ್ಯ. ಕರೆ ಮೇಲುಮೇಲಿನದಾದರೆ ಆಮ್ಲ ಮತ್ತು ನಯವಾದ ಪುಡಿಯಿಂದ ಕೂದಲೆಳೆಯಷ್ಟು ಎನಾಮಲ್ ಉಜ್ಜಿ ತೆಗೆಯುವ ಮೈಕ್ರೋಅಬ್ರೇಶನ್, ಬ್ಲೀಚಿಂಗ್, ಇಲ್ಲವೇ ರಂಧ್ರಗಳೊಳಗೆ ತೆಳು ರಾಳ ಇಳಿಸುವ ವಿಧಾನ ಸಾಕಾಗಬಹುದು. ಇವು ವಿನಿಯರಿಗಿಂತ ಅಗ್ಗ. ಮುಂದೆ ವಿನಿಯರ್ ಬೇಕೆನಿಸಿದರೆ ಬಾಗಿಲು ತೆರೆದೇ ಇರುತ್ತದೆ. ಆದರೆ ವಿನಿಯರಿಗಾಗಿ ಒಮ್ಮೆ ಕೊರೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ, ಪದರ ಹಾಕಿಸಿಕೊಂಡವರು ಬದುಕಿರುವವರೆಗೂ ಪದರ ಹಾಕಿಸುತ್ತಲೇ ಇರಬೇಕು. ಜಾಹೀರಾತಿನ ನಗುಮುಖಗಳು ಇದನ್ನು ಹೇಳುವುದಿಲ್ಲ.

ಕಾಂಪೊಸಿಟ್ ಪದರವನ್ನು ವೈದ್ಯರೇ ಬಾಯಲ್ಲಿ ಕೂರಿಸಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ಒಂದೇ ಸಲ ಹೋದರೆ ಕೆಲಸ ಆಯಿತು, ಹಲ್ಲು ಕೊರೆಯುವುದೂ ಅತ್ಯಲ್ಪ, ತುದಿ ಹಾರಿದರೆ ಅಲ್ಲೇ ತೇಪೆ. ಆದರೆ ಎಲೆಅಡಿಕೆ, ಕಾಫಿ, ಹೊಗೆಸೊಪ್ಪಿನ ಬಣ್ಣ ಹೀರುತ್ತದೆ. ಐದಾರು ವರ್ಷಕ್ಕೆ ಮತ್ತೆ ಕೆಲಸ. ಪಿಂಗಾಣಿಯದಾದರೆ ಅರ್ಧ ಮಿಲಿಮೀಟರಿನಷ್ಟು ಎನಾಮಲ್ ತೆಗೆದು, ಅಳತೆಯನ್ನು ಲ್ಯಾಬಿಗೆ ಕಳಿಸಿ, ಮತ್ತೆ ಬರಬೇಕು. ಖರ್ಚು ಎರಡು ಮೂರು ಪಟ್ಟು. ಚೆನ್ನಾಗಿ ಅಂಟಿದರೆ ಹತ್ತು ಹದಿನೈದು ವರ್ಷ ಬಾಳುತ್ತದೆ, ಕರೆ ಹಿಡಿಯುವುದಿಲ್ಲ. ಹಳೆಯ ಬಗೆಯ ತೆಳು ಪಿಂಗಾಣಿಯಷ್ಟು ಚೆಲುವು ಬೇರೆ ಯಾವುದಕ್ಕೂ ಇಲ್ಲ, ಬೆಳಕು ಅದರೊಳಗೆ ಹಾಯುತ್ತದೆ. ನಮ್ಮ ಕಡೆಯ ಕಂದು ಹಲ್ಲಿಗೆ ಆ ಚೆಲುವೇ ತೊಡಕು. ಬೆಳಕು ಹಾಯುವ ಪದರದಲ್ಲಿ ಕರೆಯೂ ಇಣುಕುತ್ತದೆ. ಆದ್ದರಿಂದ ಗಾಢ ಕರೆಗೆ ಲಿಥಿಯಂ ಡೈಸಿಲಿಕೇಟಿನ ಮಂದ ಬಗೆ ಮೇಲು ಎಂದು ನನ್ನ ಎಣಿಕೆ. ಹಲ್ಲನ್ನು ಕೊರೆಯದೆಯೇ ಮೇಲೆ ಅಂಟಿಸುವ ಬಗೆಯೂ ಉಂಟು, ಆದರೆ ಅಷ್ಟು ತೆಳುವಾದದ್ದು ಕಂದನ್ನು ಮುಚ್ಚಲಾರದು; ಮುಚ್ಚುವಷ್ಟು ದಪ್ಪ ಮಾಡಿದರೆ ಹಲ್ಲು ಉಬ್ಬಿ ಕಾಣುತ್ತದೆ. ಜಿರ್ಕೋನಿಯಾ ಎಂಬ ಇನ್ನೊಂದು ಬಗೆ ಎಲ್ಲಕ್ಕಿಂತ ಗಟ್ಟಿ, ಕರೆಯನ್ನೂ ಮುಚ್ಚುತ್ತದೆ. ಅದರಲ್ಲಿ ಗಾಜಿನ ಅಂಶವಿಲ್ಲದ್ದರಿಂದ ಹೈಡ್ರೋಫ್ಲೋರಿಕ್ ಆಮ್ಲ ಅದಕ್ಕೆ ನಾಟದು. ಸಣ್ಣ ಮರಳು ಊದಿ, ಬೇರೆ ಲೇಪ ಸವರಿ ಅಂಟಿಸಬೇಕು. ಕ್ಯಾಪಿಗೆ ಅದು ಸರಿ, ತೆಳು ಪದರಕ್ಕೆ ನನಗಂತೂ ಅದರ ಮೇಲೆ ಅಷ್ಟು ಭರವಸೆಯಿಲ್ಲ.

ಯಾವುದನ್ನೇ ಹಾಕಿಸಿದರೂ ಜಾತ್ರೆಯಲ್ಲಿ ಹಲ್ಲಿನಿಂದ ತೆಂಗಿನಕಾಯಿ ಸುಲಿಯುವ ಪಂದ್ಯಕ್ಕೆ ನಿಲ್ಲುವಂತಿಲ್ಲ. ಗಿಟುಕು ಕೊಬ್ಬರಿಯನ್ನು ಮುಂದಿನ ಹಲ್ಲಲ್ಲಿ ಕಚ್ಚಿ ಎಳೆಯುವ ಅಭ್ಯಾಸವನ್ನೂ ಬಿಡಬೇಕು. ಚೂರು ಮಾಡಿ ದವಡೆಗೆ ಹಾಕಿಕೊಂಡರೆ ತೊಂದರೆಯಿಲ್ಲ.

ಇನ್ನೊಂದು ತೊಡಕನ್ನು ಈ ಕಡೆ ಕೆಲಸ ಮಾಡುವ ವೈದ್ಯರು ಲೆಕ್ಕಕ್ಕೆ ಹಿಡಿಯಲೇಬೇಕು. ಫ್ಲೋರೈಡು ಸೇರಿದ ಎನಾಮಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಮೆಕೇ, ಬ್ಲ್ಯಾಕ್ ಕಂಡ ಕರೆಹಲ್ಲುಗಳಲ್ಲಿ ಹುಳುಕು ಕಡಿಮೆಯಿದ್ದುದರ ಹಿಂದೆ ಇದೂ ಇದೆ. ಸಾಮಾನ್ಯ ಹಲ್ಲಿಗೆ ಹದಿನೈದು, ಮೂವತ್ತು ಸೆಕೆಂಡು ಆಮ್ಲ ಸಾಕಾದರೆ ಇಂಥ ಹಲ್ಲಿಗೆ ಹೆಚ್ಚು ಹೊತ್ತು ಬೇಕು, ಅಥವಾ ಆ ಹೊರಪದರವನ್ನು ಮೊದಲು ತುಸು ತೆಗೆಯಬೇಕು. ಅವಸರ ಮಾಡಿದರೆ ದುಬಾರಿ ಪಿಂಗಾಣಿ ವರ್ಷದೊಳಗೆ ಅಂಗೈಗೆ ಬರುತ್ತದೆ.

ಇಷ್ಟೆಲ್ಲ ಮುಗಿದ ಮೇಲೆ ಒಳ್ಳೆಯ ವೈದ್ಯರು ಹಲ್ಲಿಗೆ ಸಂಬಂಧವಿಲ್ಲವೆನಿಸುವ ಒಂದು ಪ್ರಶ್ನೆ ಕೇಳುತ್ತಾರೆ.

“ಮನೇಲಿ ಚಿಕ್ಕ ಮಕ್ಳು ಇದಾವಾ ಅಮ್ಮ?”

“ದೊಡ್ಡ ಮಗಳು ತವರಿಗೆ ಬಂದವ್ಳೆ, ಒಂದು ವರ್ಷದ ಕೂಸು.”

“ಅದಕ್ಕೆ ಗಂಜಿ ಕಾಯ್ಸೋದು, ಹಾಲಿಗೆ ಬೆರ್ಸೋದು ಯಾವ ನೀರು?”

“ಬೋರಿಂದೇ. ಫಿಲ್ಟರ್ ನೀರು ದೊಡ್ಡೋರು ಕುಡಿಯಾಕೆ ಮಾತ್ರ ತತ್ತೀವಿ.”

“ಇವತ್ತಿಂದ ಉಲ್ಟಾ ಮಾಡಿ. ಫಿಲ್ಟರ್ ನೀರು ಮೊದ್ಲು ಕೂಸಿಗೆ, ಅಡುಗೆಗೆ. ಬೋರಿನ ನೀರು ಒಂದು ಬಾಟ್ಲಿ ತುಂಬ್ಕೊಂಡು ಹೋಗಿ ಫ್ಲೋರೈಡ್ ಟೆಸ್ಟ್ ಮಾಡ್ಸಿ.”